ಎಡಮೂಲೆಯ ನಾಲ್ಕು ಬ್ರೆಡ್ಡು

ಆ ದಿನ ಬೆಳಿಗ್ಗೆ ಭಟ್ಟಿಯಣ್ಣ ತಾಯಿಗೆ ಮೂರು ಸಲ ಹೇಳಿದ್ದ. "ಅಮ್ಮಾ, ಅವರು ಬಂದು ಹೋಗೋವರೆಗೂ ಬಾಯಿಗೆ ಬೀಗ. ಯಾರು ಏನು ಕೇಳಿದ್ರೂ ಕಿವಿ ಕೇಳ್ಸಲ್ಲ ಅನ್ನು." ಎಂಬತ್ತರ ಅಂಚಿನಲ್ಲಿದ್ದ ಆ ಮುದುಕಿಗೆ ಕಣ್ಣು ಹೋಗಿ ಆರು ವರ್ಷವಾಗಿತ್ತು; ಕಿವಿ ಮಾತ್ರ ಬೆಕ್ಕಿನದು. "ಕಣ್ಣಂತೂ ದೇವರು ಕಿತ್ಕೊಂಡ, ಕಿವೀನ ನೀನು ಕಿತ್ಕೋ" ಎಂದು ಗೊಣಗುತ್ತ ಹಿಟ್ಟು ನಾದುವ ಮರದ ತೊಟ್ಟಿಯ ಪಕ್ಕ ತನ್ನ ಸ್ಟೂಲಿನ ಮೇಲೆ ಕೂತಳು. ಆ ಸ್ಟೂಲಿನ ಮೇಲೆ ಬೇರೆಯವರು ಕೂತರೆ ಮನೆಯಲ್ಲಿ ಯುದ್ಧವೇ.

ಯುದ್ಧ ಎಂಬುದು ಆ ಮನೆಯಲ್ಲಿ ಬರೀ ಮಾತಿಗೆ ಬರುವ ಮಾತಲ್ಲ. ಮೂವತ್ತೊಂದು ವರ್ಷದ ಹಿಂದೆ ದೊಡ್ಡವರು ನಕ್ಷೆಯ ಮೇಲೆ ಒಂದು ಗೆರೆ ಎಳೆದರು. ಗೆರೆಯ ಈ ಕಡೆ ಇರಬಾರದವರು ಆ ಕಡೆಗೆ ಓಡಿದರು, ಆ ಕಡೆ ಇರಬಾರದವರು ಈ ಕಡೆಗೆ. ಭಟ್ಟಿಯಣ್ಣನಿಗೆ ಆಗ ಇಪ್ಪತ್ತನಾಲ್ಕು. ಆ ಕಡೆ ಇದ್ದ ಸ್ವಂತ ಮನೆ, ಸ್ವಂತ ಬೇಕರಿ ಬಿಟ್ಟು, ತಾಯಿಯ ಕೈ ಹಿಡಿದು ಬಂದವನಿಗೆ ಸರ್ಕಾರದ ಗುಮಾಸ್ತನೊಬ್ಬ ಚೀಟಿ ಕೊಟ್ಟು "ಈ ಮನೆ ಖಾಲಿ ಇದೆ, ಸೇರ್ಕೊಳ್ಳಿ" ಎಂದಿದ್ದ. ಖಾಲಿ! ಮನೆ ತಾನಾಗಿ ಖಾಲಿಯಾಗುತ್ತದೆಯೇ? ಚೀಟಿ ಸಿಕ್ಕಿದವರು ಅದನ್ನೆಲ್ಲ ಕೇಳುವುದಿಲ್ಲ.

ಈಗ ಅದೇ ದೊಡ್ಡವರು ಕೈ ಕುಲುಕಿ, ಫೋಟೋ ತೆಗೆಸಿಕೊಂಡು, ಓಡಿಹೋದವರು ಬಂದು ತಮ್ಮ ಮನೆ ಕೇಳಬಹುದು ಎಂದಿದ್ದರು. ಕಟ್ಟಡ ಹಳೆಯದೇ ಇದ್ದರೆ ಹಳೇ ಯಜಮಾನರಿಗೆ. ಸೇರಿಕೊಂಡವರು ಕೆಡವಿ ಹೊಸದಾಗಿ ಕಟ್ಟಿದ್ದರೆ ಮನೆ ಅವರಿಗೇ, ಹಳಬರಿಗೆ ಪರಿಹಾರ. ಭಟ್ಟಿಯಣ್ಣ ಗುಂಡೇಟಿಗೆ ತೂತಾಗಿದ್ದ ಮಾಡು ತೆಗೆಸಿ ಹೊಸದು ಹಾಕಿಸಿದ್ದ, ನೆಲ ಮಾಡಿಸಿದ್ದ, ಮುಂದಿನ ಗೋಡೆಯನ್ನೂ ಕಟ್ಟಿಸಿದ್ದ. ಅಷ್ಟೂ ನಿಜ. ಉಳಿದದ್ದು ಅರ್ಧ ಮನೆಯನ್ನೇ ನುಂಗಿ ಕೂತಿದ್ದ, ಬ್ರೆಡ್ಡು ಬೇಯಿಸುವ ಇಟ್ಟಿಗೆಯ ಭಟ್ಟಿ. ಅದು ಹೊಸದು ಎಂದಾದರೆ ಮನೆ ಉಳಿಯಿತು. ಹಳೆಯದು ಎಂದಾದರೆ ಊರಾಚೆಯ ಕಾಲನಿಯಲ್ಲಿ ನಾಲ್ಕನೇ ಮಹಡಿಯ ಎರಡು ಕೋಣೆ. ಅಲ್ಲಿ ಅವನು ಬ್ರೆಡ್ಡು ಬೇಯಿಸಬೇಕೆಂದರೆ ತನ್ನ ತಲೆಯ ಮೇಲೇ ಬೇಯಿಸಿಕೊಳ್ಳಬೇಕು. ಹಾಗಾಗಿ ಪ್ರಮಾಣಪತ್ರದಲ್ಲಿ "ಹಳೇ ಭಟ್ಟಿ ಕುಸಿದಿತ್ತು, ನಾನೇ ಹೊಸದು ಕಟ್ಟಿದೆ" ಎಂದು ಬರೆದು ಸಹಿ ಹಾಕಿದ್ದ. ಭಟ್ಟಿಯ ಬಾಯಿಗೆ ಹೊಸ ಟೈಲ್ಸು ಅಂಟಿಸಿದ್ದ. ತೊಂಬತ್ತೊಂಬತ್ತು ನಿಜದ ಜೊತೆ ಒಂದು ಸುಳ್ಳು, ಅದೇನು ಮಹಾ ಎಂದುಕೊಂಡಿದ್ದ. ಹಾಲು ಒಡೆಯುವುದಕ್ಕೆ ಎಷ್ಟು ಹನಿ ಹುಳಿ ಬೇಕು ಎಂಬುದನ್ನು ಬೇಕರಿಯವನಿಗೆ ಬೇರೆಯವರು ಹೇಳಿಕೊಡಬೇಕಿರಲಿಲ್ಲ.

ತಾಯಿಗೆ ಮಾತ್ರ ಇದನ್ನು ಹೇಳಿರಲಿಲ್ಲ. ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.

ಹತ್ತು ಗಂಟೆಗೆ ಬಂದರು. ಮನೆ ವಾಪಸು ಕೊಡಿಸುವ ಆಯೋಗದ, ಬೂದು ಸೂಟಿನ ಅಧಿಕಾರಿ ಕಂಕುಳಲ್ಲಿ ಫೈಲು ಇಟ್ಟುಕೊಂಡು ಒಳಗೆ ಕಾಲಿಡುತ್ತಲೇ ಹಿಟ್ಟಿನ ಧೂಳಿಗೆ ನಾಲ್ಕು ಸೀನು ಸೀನಿದ. ಅವನ ಹಿಂದೆ ಹಳೇ ಯಜಮಾನನ ಮಗಳು. ಓಡುವಾಗ ಹನ್ನೊಂದು ವರ್ಷದವಳು, ಈಗ ನಲವತ್ತೆರಡು. ಔಷಧದ ಅಂಗಡಿಯಲ್ಲಿ ಮಾತ್ರೆ ಎಣಿಸಿ ಕೊಡುವ ಕೆಲಸವಂತೆ. ಭಟ್ಟಿಯಣ್ಣನ ಹೆಂಡತಿ ಅಧಿಕಾರಿಗೆ ಕುರ್ಚಿ ಹಾಕಿದಳು, ಆಕೆಗೆ ಹಾಕಲಿಲ್ಲ.

"ಕೂತ್ಕೊಳ್ಳಿ ಸಾರ್" ಎಂದಳು ಹೆಂಡತಿ. "ನಮ್ಮನೆಗೆ ಬಂದೋರನ್ನ ನಿಲ್ಲಿಸೋ ಅಭ್ಯಾಸ ನಮಗಿಲ್ಲ."

"ಯಾರ ಮನೆ?" ಎಂದಳು ಆಕೆ.

"ಮೂವತ್ತೊಂದು ವರ್ಷ ಗುಡಿಸಿದೋರದ್ದು."

"ಕಳ್ಳ ಗುಡಿಸಿದ್ರೆ ಮನೆ ಕಳ್ಳನದಾಗುತ್ತಾ?"

ಭಟ್ಟಿಯಣ್ಣ ನಡುವೆ ಬಂದ. "ಬಾಯಿ ಬಿಗಿ ಹಿಡಿದು ಮಾತಾಡಿ. ನಮ್ಮ ಮನೇನೂ ಆ ಕಡೆ ಇತ್ತು. ಅಲ್ಲೀಗ ನಿಮ್ಮೋರ ಪೊಲೀಸ್ ಠಾಣೆ ಇದೆ. ನಾನು ಯಾರ ಹತ್ರ ಹೋಗಿ ಕೇಳ್ಲಿ?"

"ಅದನ್ನ ಠಾಣೇಲಿ ಕೇಳು. ನಾನು ಬಂದಿರೋದು ನಂದು ಕೇಳೋಕೆ." ಆಕೆ 'ನೀವು' ಎನ್ನುವ ಮರ್ಯಾದೆಯನ್ನು ಅಲ್ಲಿಗೆ ಬಿಟ್ಟಳು.

ಅಧಿಕಾರಿ ಐದನೇ ಸೀನು ಸೀನಿ, ಜಗಳ ಆಮೇಲೆ ಆಡಿಕೊಳ್ಳಿ ಎಂದ. ಭಟ್ಟಿಯ ಬಾಯಿಯ ಟೈಲ್ಸು ತಟ್ಟಿ ನೋಡಿದ. ಒಳಗೆ ಟಾರ್ಚು ಬಿಟ್ಟ. ಮೂವತ್ತೊಂದು ವರ್ಷದ ಮಸಿ ಅವನಿಗೆ ವಯಸ್ಸು ಹೇಳಲಿಲ್ಲ. ಮಸಿ ಹೊಸದಕ್ಕೂ ಹಳೆಯದಕ್ಕೂ ಒಂದೇ ಬಣ್ಣ ಹಚ್ಚುತ್ತದೆ. ನೋಡಿದರೆ ಹೊಸದರ ಹಾಗೇ ಕಾಣುತ್ತೆ ಎಂದು ಅವನು ಪೆನ್ನು ತೆಗೆದಾಗ ಭಟ್ಟಿಯಣ್ಣನಿಗೆ ಹೋದ ಜೀವ ಬಂದ ಹಾಗಾಯಿತು.

"ಒಂದು ನಿಮಿಷ" ಎಂದಳು ಆಕೆ. "ಈ ಭಟ್ಟಿ ಎಷ್ಟು ಬ್ರೆಡ್ಡು ಹಿಡಿಯುತ್ತೆ ಕೇಳಿ."

"ಮೂವತ್ತೆರಡು" ಎಂದ ಭಟ್ಟಿಯಣ್ಣ. ಸಾಲು ಅಳೆದರೆ ಯಾರಿಗಾದರೂ ಗೊತ್ತಾಗುವ ಲೆಕ್ಕ.

"ನಾನು ಮೂರು ದಿನದಿಂದ ಎದುರುಗಡೆ ಕಟ್ಟೆ ಮೇಲೆ ಕೂತು ನೋಡ್ತಿದೀನಿ. ಒಂದೊಂದು ಸಲಕ್ಕೂ ಹೊರಗೆ ಬರೋದು ಇಪ್ಪತ್ತೆಂಟೇ. ಇನ್ನು ನಾಲ್ಕು ಯಾಕೆ ಹಾಕಲ್ಲ? ನಾನು ಹೇಳ್ಲಾ? ಹಿಂದಿನ ಎಡಮೂಲೆ ಸುಡುತ್ತೆ. ನಮ್ಮಪ್ಪ ಕಟ್ಟುವಾಗ ಅಲ್ಲಿ ಇಟ್ಟಿಗೆ ಸಾಲದೆ ಒಂದು ಕಾಡುಗಲ್ಲು ಕೂರಿಸಿದ್ದ, ಅದು ಇಟ್ಟಿಗೆಗಿಂತ ಜಾಸ್ತಿ ಕಾಯುತ್ತೆ. ಆ ಮೂಲೆಗೆ ಅವನು ಯಾವತ್ತೂ ಬ್ರೆಡ್ಡು ಇಡ್ತಿರಲಿಲ್ಲ. ಇವನು ಹೊಸದು ಕಟ್ಟಿದ್ರೆ ನಮ್ಮಪ್ಪನ ತಪ್ಪನ್ನೂ ಸೇರಿಸಿ ಕಟ್ಟಿದ್ನಾ?"

ಭಟ್ಟಿಯಣ್ಣ ಇಷ್ಟು ವರ್ಷ ಅದು ತನ್ನ ಗುಟ್ಟು ಎಂದುಕೊಂಡಿದ್ದ. ಆದರೂ ಸೋಲಲಿಲ್ಲ. "ಇಪ್ಪತ್ತೆಂಟೇ ಖರ್ಚಾಗೋದು, ಅದಕ್ಕೆ ಹಾಕ್ತೀನಿ. ಬೇಕಾದ್ರೆ ಈಗಲೇ ಮೂವತ್ತೆರಡೂ ಹಾಕಿ ತೋರಿಸ್ತೀನಿ."

ಹಾಗೆಂದವನು ಮನಸ್ಸಿನಲ್ಲೇ ಲೆಕ್ಕ ಹಾಕಿಯೂ ಆಗಿತ್ತು. ಮೂಲೆಯ ನಾಲ್ಕನ್ನು ಕೊನೆಗೆ ಇಡುವುದು, ಎಂಟು ನಿಮಿಷಕ್ಕೆ ತಿರುಗಿಸಿ ಮುಂದಕ್ಕೆ ಎಳೆದುಕೊಳ್ಳುವುದು. ಬೂದು ಸೂಟಿನವನಿಗೆ ಏನು ತಿಳಿಯುತ್ತದೆ, ಮಾತ್ರೆ ಎಣಿಸುವವಳಿಗೆ ಏನು ತಿಳಿಯುತ್ತದೆ. ಅವನಷ್ಟು ಕೈ ಪಳಗಿದವನು ಆ ಪೇಟೆಯಲ್ಲೇ ಇರಲಿಲ್ಲ, ಆ ಜಂಬವೂ ಅವನಿಗೆ ಇತ್ತು.

ಉಂಡೆಗಳು ಉಬ್ಬಿ ಸಿದ್ಧವಾಗಿದ್ದವು. ಉದ್ದ ಹಿಡಿಯ ಮರದ ಹಲಗೆಯ ಮೇಲೆ ನಾಲ್ಕು ನಾಲ್ಕಾಗಿ ಇಟ್ಟು ಒಳಗೆ ತಳ್ಳಿದ. ಎಡಗಡೆ ಹಲಗೆಗೆ ದಾರಿ ಬಿಟ್ಟುಕೊಂಡು, ಬಲಗಡೆ, ನಡುವೆ, ಮುಂದೆ. ಏಳು ಸಲ ಹಲಗೆ ಹೋಗಿ ಏಳು ಸಲ ಬಂತು. ಎಂಟನೇ ಸಲ ಹಿಡಿಯ ತುದಿಯವರೆಗೂ ಒಳಗೆ ಬಿಟ್ಟು ಎಡಕ್ಕೆ ತಿರುಗಿಸಿದ. ಹಲಗೆ ಕಲ್ಲಿಗೆ ತಗುಲಿ ಕರ್ ಎಂದಿತು.

ಸ್ಟೂಲಿನ ಮೇಲಿದ್ದ ಮುದುಕಿ ಚೇಳು ಕಡಿದವಳ ಹಾಗೆ ಎದ್ದಳು.

"ಏಯ್! ಆ ಮೂಲೆಗೆ ಯಾಕೋ ಹಾಕ್ದೆ? ಬುದ್ಧಿ ನೆಟ್ಟಗಿದೆಯೇನೋ ನಿನಗೆ? ಸುಟ್ಟು ಕರಕಲಾಗುತ್ತೆ ಕಣೋ! ನಾವು ಬಂದ ದಿನಾನೇ ನಾಲ್ಕು ಸುಟ್ಟಿರಲಿಲ್ವಾ ಅಲ್ಲಿ?"

ಭಟ್ಟಿಯಣ್ಣ ಹಲಗೆ ಹಿಡಿದುಕೊಂಡೇ ನಿಂತ. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಬೀಗ ಹಾಕಿಸಿಕೊಂಡಿದ್ದ ಬಾಯಿ ಮೂವತ್ತೊಂದು ವರ್ಷದ ಅಭ್ಯಾಸಕ್ಕೆ ತಾನಾಗಿ ತೆರೆದುಕೊಂಡಿತ್ತು. ಬ್ರೆಡ್ಡು ಹಾಳಾಗುತ್ತಿದೆ ಎಂದರೆ ಆ ಹೆಂಗಸು ಸತ್ತಿದ್ದರೂ ಎದ್ದು ಬೈಯುತ್ತಿದ್ದಳು.

"ಬಂದ ದಿನ" ಎಂದು ಅಧಿಕಾರಿ ಮೆಲ್ಲಗೆ ಹೇಳಿ ಬರೆದುಕೊಂಡ. "ಅಂದ್ರೆ ನೀವು ಬಂದಾಗ ಭಟ್ಟಿ ಇತ್ತು."

"ಇಲ್ದೆ ಏನು? ಬಿಸಿ ಇನ್ನೂ ಆರಿರಲಿಲ್ಲ" ಎಂದಳು ಮುದುಕಿ.

"ಅಮ್ಮಾ!" ಎಂದು ಭಟ್ಟಿಯಣ್ಣ ಕೂಗಿದ. ಕೂಗಿ ಏನು ಬಂತು? ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಹಳೇ ಯಜಮಾನನ ಮಗಳು ಗೆದ್ದವಳಂತೆ ನಗಲಿಲ್ಲ. ಮುದುಕಿಯ ಎದುರು ಬಂದು ನಿಂತಳು. "ಬಂದ ದಿನ ಸುಟ್ಟಿದ್ದು ಯಾವ ಹಿಟ್ಟು?"

"ತೊಟ್ಟೀಲಿ ಇತ್ತಮ್ಮ. ಯಾರೋ ಪುಣ್ಯಾತ್ಮ ನಾದಿಟ್ಟು ಹೋಗಿದ್ದ. ಉಬ್ಬಿ ಅಂಚಿಂದ ಕೆಳಗೆ ಸುರೀತಿತ್ತು. ಹೊರಗೆ ಇನ್ನೂ ಗುಂಡಿನ ಸದ್ದು. ಇವನು ಬೇಡ ಅಂದ, ನಾನು ಬಿಡಲಿಲ್ಲ. ನಾದಿದ ಹಿಟ್ಟನ್ನ ಹಾಳು ಮಾಡಿದ್ರೆ ಒಳ್ಳೇದಾಗುತ್ತಾ? ಬೇಯಿಸಿದೆ. ಬೀದಿಯವರೆಲ್ಲ ತಿಂದ್ರು."

"ನಮ್ಮಪ್ಪ ನಾದಿದ್ದು ಅದು" ಎಂದಳು ಆಕೆ. ಧ್ವನಿ ಮೆತ್ತಗಾಗಲಿಲ್ಲ. "ನಿರಾಶ್ರಿತರ ಶಿಬಿರದಲ್ಲಿ ಸಾಯೋವರೆಗೂ ಅದನ್ನೇ ಕೇಳ್ತಿದ್ದ. ನಮ್ಮಮ್ಮನ ಒಡವೆ ಕೇಳಲಿಲ್ಲ, ಮನೆ ಕೇಳಲಿಲ್ಲ. ಹಿಟ್ಟು ಏನಾಯ್ತೋ, ಹಿಟ್ಟು ಏನಾಯ್ತೋ. ನಿಮ್ಮ ಹೊಟ್ಟೆಗೆ ಹೋಯ್ತು ಅಂತ ನನಗೇನು ಗೊತ್ತು?"

"ಉಪ್ಪು ಸ್ವಲ್ಪ ಕಡಿಮೆ ಇತ್ತು" ಎಂದಳು ಮುದುಕಿ. ಅವಳ ಸ್ವಭಾವವೇ ಹಾಗೆ.

"ನಮ್ಮಪ್ಪ ಉಪ್ಪು ಕಡಿಮೆ ಹಾಕೋನೇ ಅಲ್ಲ!"

"ತಿಂದೋಳು ನಾನಾ, ನೀನಾ?"

"ಕದ್ದು ತಿಂದೋಳು ನೀನು!"

"ಯಾರನ್ನೇ ಕಳ್ಳಿ ಅಂತೀಯ?" ಎಂದು ಹೆಂಡತಿ ಮುಂದೆ ಬಂದಳು. ಅಲ್ಲಿಂದ ಮುಂದೆ ಯಾರು ಯಾರಿಗೆ ಏನೆಂದರು ಎಂಬುದನ್ನು ಬರೆಯದಿರುವುದೇ ಮರ್ಯಾದೆ. ಸತ್ತವರು, ಓಡಿದವರು, ಹುಟ್ಟದೇ ಹೋದವರು ಎಲ್ಲರೂ ಆ ಅಡುಗೆಮನೆಯಷ್ಟು ಜಾಗಕ್ಕೆ ಬಂದು ಹೋದರು. ಅಧಿಕಾರಿ ಮಾತ್ರ ಕುರ್ಚಿಯ ಮೇಲೆ ಕೂತು, ಎರಡು ಪ್ರತಿ ಬರೆದು, ಓದಿ ಹೇಳಿದ. ಭಟ್ಟಿ ಮೂಲ ಕಟ್ಟಡದ್ದೇ. ಪ್ರಮಾಣಪತ್ರ ಸುಳ್ಳು. ಮನೆ ಹಳೇ ಯಜಮಾನರ ವಾರಸುದಾರರಿಗೆ. ಈಗಿನವರು ಅರವತ್ತು ದಿನದೊಳಗೆ ಖಾಲಿ ಮಾಡತಕ್ಕದ್ದು.

ಖಾಲಿ. ಆ ಮಾತು ಭಟ್ಟಿಯಣ್ಣನಿಗೆ ಹಿಂದೆಯೂ ಒಮ್ಮೆ ಕೇಳಿಸಿತ್ತು. ಆಗ ಅದು ಸಿಹಿಯಾಗಿತ್ತು. ಸಹಿ ಹಾಕಿದ. ಹಾಕುವಾಗಲೇ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಕೈ ತಾನಾಗಿ ಹಲಗೆಯ ಕಡೆಗೆ ಹೋಯಿತು. ಅರ್ಧದಲ್ಲಿ ಅದನ್ನು ತಡೆದು, ಎರಡೂ ಕೈ ಎದೆಗೆ ಕಟ್ಟಿಕೊಂಡ.

"ನಿಮ್ಮ ಭಟ್ಟಿ ಅಲ್ವಾ?" ಎಂದ ಆಕೆಗೆ. "ನೀವೇ ತೆಗೀರಿ."

"ಹಟ ಮಾಡಬೇಡ. ಬ್ರೆಡ್ಡು ನಿಂದು."

"ನನ್ನದೇನಿದೆ ಇಲ್ಲಿ?"

ಆಕೆ ದುರುಗುಟ್ಟಿ ನೋಡಿ ಹಲಗೆಯನ್ನು ಕಿತ್ತುಕೊಂಡಳು. ಹಲಗೆಯನ್ನು ಬ್ರೆಡ್ಡಿನ ಅಡಿಗೆ ತೂರಿಸುವುದಕ್ಕೆ ಮಣಿಕಟ್ಟಿನ ಒಂದು ಜಾಣ್ಮೆ ಬೇಕು. ಹನ್ನೊಂದು ವರ್ಷಕ್ಕೇ ಓಡಿಹೋದವಳಿಗೆ ಅದನ್ನು ಯಾರು ಕಲಿಸಿದ್ದರು? ತಳ್ಳಿದಳು. ಮುಂದಿನ ಸಾಲು ಹಿಂದಕ್ಕೆ ಸರಿದು, ಒಂದರ ಮೇಲೊಂದು ಬಿದ್ದು, ಪಕ್ಕಕ್ಕೆ ಗುಡ್ಡೆ ಹಾಕಿದ್ದ ಕೆಂಡಕ್ಕೆ ಉರುಳಿತು. ಮತ್ತೆ ತಳ್ಳಿದಳು. ಹೊಗೆಗೆ ಕಣ್ಣಲ್ಲಿ ನೀರು ಬಂತು. ಭಟ್ಟಿಯಣ್ಣನ ಬೆರಳುಗಳು ಕಂಕುಳಲ್ಲಿ ಒದ್ದಾಡುತ್ತಿದ್ದವು. ಆದರೂ ಅವನು ಕದಲಲಿಲ್ಲ. ಅವನಿಗೆ ಆ ಹೊತ್ತಿನಲ್ಲಿ ಅವಳ ಮೇಲೆ ಇದ್ದದ್ದು ಬರೀ ದ್ವೇಷ, ಅದನ್ನು ಬೇರೆ ಹೆಸರಿನಿಂದ ಕರೆಯಬೇಕಾಗಿಲ್ಲ.

"ತೆಗೀರೋ! ಯಾರಾದ್ರೂ ತೆಗೀರೋ!" ಎಂದು ಮುದುಕಿ ಗೋಡೆ ತಡವುತ್ತ ಬಂದಳು. ಯಾರೂ ತೆಗೆಯಲಿಲ್ಲ. ಕೊನೆಗೆ ಹಳೇ ಯಜಮಾನನ ಮಗಳು ಹಲಗೆಯನ್ನು ನೆಲಕ್ಕೆ ಎಸೆದು ಕೆಮ್ಮುತ್ತ ಹಿಂದೆ ಸರಿದಳು. ಅಧಿಕಾರಿ ಆಗಲೇ ಬೀದಿಗೆ ಓಡಿದ್ದ.

ಹೊಗೆ ಮೆಲ್ಲಗೆ ಇಳಿಯಿತು.

"ಎಷ್ಟು ಸುಟ್ಟಿತೋ?" ಎಂದು ಮುದುಕಿ ಕೇಳಿದಳು. "ನಾಲ್ಕಾ?"

"ಮೂವತ್ತೆರಡೂ" ಎಂದ ಮಗ.

ಗದ್ದಲದಲ್ಲಿ ಕಿವಿಗೆ ಬಿದ್ದಿದ್ದೆಲ್ಲ ಆಗ ಅವಳ ತಲೆಗೆ ಹೋಯಿತು. ಮಗ ಬೆಳಿಗ್ಗೆ ಬಾಯಿಗೆ ಬೀಗ ಎಂದದ್ದು ಯಾಕೆ, ತಾನು ಏನು ಮಾಡಿದೆ, ಮನೆ ಯಾರದಾಯಿತು, ಎಲ್ಲವೂ ತಿಳಿಯಿತು. ನೆಲದ ಮೇಲೆ ಕೈಯಾಡಿಸಿ ಹಲಗೆಯನ್ನು ಹುಡುಕಿ ಎತ್ತಿ, ಅದು ಯಾವಾಗಲೂ ನಿಲ್ಲುವ ಮೂಲೆಯಲ್ಲಿ ಗೋಡೆಗೆ ಒರಗಿಸಿದಳು. ಹಳೇ ಯಜಮಾನನ ಮಗಳ ಕೆಮ್ಮಿನ ಸದ್ದು ಬಂದ ಕಡೆಗೆ ಮುಖ ತಿರುಗಿಸಿದಳು.

"ಕೇಳು ಮಗಾ" ಎಂದಳು. "ನಿಮ್ಮಪ್ಪನ ಹಿಟ್ಟಲ್ಲಿ ನಾನು ಸುಟ್ಟಿದ್ದು ನಾಲ್ಕೇ."