ಬಾಡಿಗೆ ಮನೆಗೆ ಬಾಡಿಗೆ ಗಂಡ

ನಮ್ಮ ಇಬಾದಾನ್ ಊರಿನಲ್ಲಿ ಗಂಡನಿಲ್ಲದ ಹೆಂಗಸಿಗೆ ಬಾಡಿಗೆ ಮನೆ ಸಿಗುವುದು ಅಷ್ಟರಲ್ಲೇ ಇದೆ. ನಾನು ಮೊರೆನಿಕೆ, ಮದುವೆ ಬಟ್ಟೆ ಹೊಲಿದು ಹೊಲಿದು ಅರ್ಧ ಊರನ್ನು ಹಸೆಮಣೆ ಏರಿಸಿದ ದರ್ಜಿ. ಆದರೂ ಆರು ಮನೆಯವರು, "ಗಂಡನ್ನ ಕರ್ಕೊಂಡು ಬಾ" ಎಂದು ಬಾಗಿಲಿನಿಂದಲೇ ಸಾಗಹಾಕಿದ್ದರು. ನಾನಿದ್ದ ಮನೆಯನ್ನು ಶನಿವಾರ ಕೆಡವುವವರಿದ್ದರು. ಆಮೇಲೆ ನಾನೂ ನನ್ನ ಹೊಲಿಗೆ ಯಂತ್ರವೂ ಬೀದಿಯಲ್ಲಿ.

ಹಾಗಾಗಿ ಏಳನೆಯ ಮನೆಗೆ ಗಂಡನನ್ನೇ ಹಿಡಿದು ತಂದೆ. ಅವನ ಹೆಸರು ಸುಂಕನ್ಮಿ; ಮದುವೆಗಳಲ್ಲಿ ಮೈಕು ಹಿಡಿದು ನಗಿಸುವವನು. ಒಂದು ತಟ್ಟೆ ಅಮಲಾ ಮುದ್ದೆ, ಜೊತೆಗೆ ಆಡಿನ ಮಾಂಸದ ಸಾರು ಬಡಿಸಿದರೆ ಅರ್ಧ ಗಂಟೆ ಯಾರ ಗಂಡ ಬೇಕಾದರೂ ಆಗುತ್ತಾನೆ.

ಮನೆ ಮಾಲೀಕ ಅಕಿನ್ಲೊಯೆ ಅಜ್ಜ ಜಗಲಿಯಲ್ಲಿ ಕುಳಿತಿದ್ದರು. ನಾನು ನಮಸ್ಕಾರಕ್ಕೆಂದು ಮಂಡಿಯೂರಿದೆ. ಸುಂಕನ್ಮಿ ನಾನೇ ಇಸ್ತ್ರಿ ಮಾಡಿಕೊಟ್ಟ ಅಂಗಿ ಮಣ್ಣಾಗುವಂತೆ ಉದ್ದಕ್ಕೆ ಅಡ್ಡಬಿದ್ದ. ಅಜ್ಜ ಕನ್ನಡಕ ಏರಿಸಿ ಅವನ ಬೋಳು ನೆತ್ತಿಯನ್ನೇ ನೋಡಿದರು.

"ಏಳಪ್ಪಾ. ಈ ನೆತ್ತಿ ನಂಗೆ ಗೊತ್ತು. ಸೋಮವಾರ ನರ್ಸಮ್ಮನ ಗಂಡ ಅಂತ ಬಂದಿದ್ದೆ. ನಿನ್ನೆ ಮೀನು ಮಾರೋಳ ಗಂಡ. ಇವತ್ತು ಇವಳ ಗಂಡನಾ?"

ನನಗೆ ಸಿಟ್ಟು ಬಂತು. ಮನೆಯ ವಿಳಾಸ ಇವನಿಗೆ ಮೊದಲೇ ಹೇಳಿದ್ದೆನಲ್ಲ.

"ನಾಚಿಕೆ ಆಗಲ್ವೇನೋ ನಿಂಗೆ? ಒಂದು ತಟ್ಟೆ ಅಂತ ಕೂತೋನು ಎರಡು ತಟ್ಟೆ ಬಳ್ಕೊಂಡು ತಿಂದೆ. ಆ ಮೀನಿನೋಳ ಜೊತೆ ಇಲ್ಲಿಗೆ ಬಂದಿದ್ದೆ ಅಂತ ಹೇಳೋಕೆ ನಾಲಿಗೆ ಬಿದ್ದೋಗಿತ್ತಾ?"

"ನೀನು ಕೇಳ್ಲಿಲ್ವಲ್ಲ," ಎಂದ ಅವನು. "ಅದೂ ಅಲ್ದೆ, ಸಾರಲ್ಲಿ ಉಪ್ಪೇ ಇರ್ಲಿಲ್ಲ."

ನಾನು ಚಪ್ಪಲಿ ಕೈಗೆತ್ತಿಕೊಂಡೆ. ಮನೆಯಂತೂ ಹೋಯಿತು, ಇವನನ್ನು ಸುಮ್ಮನೆ ಬಿಡುವುದೇಕೆ?

"ಸಾಕು ಬಿಡಮ್ಮಾ, ನಂಗೆ ಎಲ್ಲಾ ಗೊತ್ತಾಯ್ತು," ಎಂದರು ಅಜ್ಜ. "ಆ ಇಬ್ಬರ ಹತ್ರ ಇವನು ಬರೀ ಚಿನ್ನ, ರನ್ನ ಅಂತಿದ್ದ. ನಂಗೆ ಆಗ್ಲೇ ಅನುಮಾನ ಬಂದು ವಾಪಸ್ ಕಳಿಸ್ದೆ. ಹಿಂಗೆ ಬೈಯೋಕೆ ಕಟ್ಕೊಂಡ ಹೆಂಡ್ತಿಗೆ ಮಾತ್ರ ಆಗೋದು. ಪಾಪ, ಎಷ್ಟು ವರ್ಷದಿಂದ ಸಹಿಸ್ಕೊಂಡಿದೀಯೋ."

ನಾನು ಚಪ್ಪಲಿ ಕೆಳಗಿಟ್ಟೆ. ಅಜ್ಜ ಜೇಬಿನಿಂದ ಬೀಗದ ಕೈ ತೆಗೆದು ನನ್ನ ಅಂಗೈಯಲ್ಲಿಟ್ಟರು.

"ಮನೆ ನಿಂದು. ಆದ್ರೆ ಒಂದು ಶರತ್ತು. ಈ ನಿನ್ನ ಗಂಡ ಇನ್ನೊಂದ್ಸಲ ನನ್ನ ಕಾಂಪೌಂಡಿನೊಳಗೆ ಕಾಲಿಡಬಾರ್ದು. ಒಬ್ಬಳೇ ಇರ್ತೀಯಾ ತಾಯಿ?"

ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡೆ. ಬಂದದ್ದು ನಿಜವಾದ ಕಣ್ಣೀರೇ.

"ಹೇಗೋ ತಡ್ಕೋತೀನಿ ಬಾಬಾ," ಎಂದೆ.