ಕಂಪ್ಯೂಟರ್ ಕೋಣೆಯ ಹೊರಗಿನ ಚಪ್ಪಲಿಗಳು

ಮುಂಬಯಿಯ ಕುರ್ಲಾಕ್ಕೆ ಮೊದಲ ಕಂಪ್ಯೂಟರ್ ಹೊತ್ತು ತಂದವಳು ನಾನೇ. ಹೀಗೆ ಶುರು ಮಾಡಿದರೆ ಹೇಗೆ? ಆಯ್ತು, ಅರ್ಧ ಸುಳ್ಳು. ಹೊತ್ತವರು ಹಮಾಲರು, ನಾನು ಬಾಗಿಲು ಹಿಡಿದಿದ್ದೆ. (ಬಾಗಿಲೂ ಆನೆಯಷ್ಟು ಭಾರ.)

೧. ಎಂಬತ್ತೊಂಬತ್ತನೇ ಇಸವಿ. ಸ್ಟೇಷನ್ ಎದುರಿನ ಬಿಲ್ಡಿಂಗಿನಲ್ಲಿ ನಂಜುಂಡ ಸರ್ ಅವರ ಪ್ರೈವೇಟ್ ಮ್ಯಾನೇಜ್‌ಮೆಂಟ್ ಕಾಲೇಜು. ಅಲ್ಲಿ ಕಸ ಗುಡಿಸುವವಳು ಸುಂದ್ರವ್ವ, ಅಂದರೆ ನಾನು. ಕಂಪ್ಯೂಟರ್ ಕೋಣೆಗೆ ಏಸಿ, ಪರದೆ, ದಸರೆಗೆ ಕುಂಕುಮ. ಧೂಳು ಹೋಗಬಾರದೆಂದು ಬಾಗಿಲು ಸದಾ ಮುಚ್ಚಿರಬೇಕು, ಚಪ್ಪಲಿ ಹೊರಗೇ ಬಿಡಬೇಕು.

೨. (ಇಲ್ಲೊಂದು ಪ್ರೇಮಪ್ರಕರಣ ಸೇರಿಸಿದ್ದೆ. ನಮ್ಮ ಕಾಲೇಜಿನ ವಿದ್ಯಾರ್ಥಿನಿ ಶಾಮಲಾ ಸಿಟ್ಟಾದಳು, ತೆಗೆದೆ.) ಭಾಂಡುಪ್‌ನ ಈ ಹುಡುಗಿಗೆ ಪ್ರಾಜೆಕ್ಟ್ ಪಾಸಾದರೆ ಬ್ಯಾಂಕಿನಲ್ಲಿ ಕೆಲಸ. ಫೇಲಾದರೆ ಅತ್ತಿಗೆಯ ಪಾರ್ಲರಿನಲ್ಲಿ ಹುಬ್ಬು ತಿದ್ದುವುದು. ಕಂಪ್ಯೂಟರ್ ಬಳಸಿದರೆ ಮಾರ್ಕ್ಸು ಏರುತ್ತದೆಯೇ ಎಂಬುದು ಪ್ರಾಜೆಕ್ಟು. ಬಾಗಿಲು ತೆರೆಯುವಂತಿಲ್ಲವಲ್ಲ, ಹೊರಗಿನ ಚಪ್ಪಲಿ ನೋಡಿಯೇ ಒಳಗೆ ಯಾರಿದ್ದಾರೆಂದು ಲೆಕ್ಕ ಹಾಕಿದಳು. ಯಾರ ಚಪ್ಪಲಿ ದಿನವಿಡೀ ಅಲ್ಲಿತ್ತೋ ಅವರೇ ಫಸ್ಟ್ ಕ್ಲಾಸ್!

"ಪ್ರೂವ್ ಆಗೋಯ್ತಲ್ಲಮ್ಮಾ! ಬ್ರೋಷರ್‌ಗೆ ಹಾಕ್ಸ್ತೀನಿ!" ನಂಜುಂಡ ಸರ್ ಕುಣಿದರು.

೩. ವೈವಾ ದಿನ ಬೆಳಿಗ್ಗೆ ನನ್ನ ಬಾಯಿ ತಡೆಯಲಿಲ್ಲ.

"ಏ ಶಾಮಲಾ, ನಾ ಗುಡಸಾಕ ಹೋದಾಗ ಒಳಗ ನಾಣಿ ಒಬ್ಬನ ಇರ್ತಾನವ್ವಾ. ನಿನ್ನ ಫಸ್ಟ್ ಕ್ಲಾಸ್ ಮಂದಿ ಹಳೀ ಚಪ್ಲಿ ಇಲ್ಲಿ ಬಿಟ್ಟು, ಹೊಸಾವು ಹಾಕ್ಕೊಂಡು ಕ್ಯಾಂಟೀನ್‌ನ್ಯಾಗ ಗೈಡ್ ಉರು ಹೊಡೀತಾರ. ಚಪ್ಲಿ ನೋಡಿ ಸರ್ ಖುಷ್!"

"ಈಗ ಹೇಳ್ತೀಯಾ ಅಜ್ಜೀ? ಮತ್ತೆ ನಾಣಿ?"

"ಬರಿಗಾಲಾಗ ಬರ್ತಾನ, ನಿನ್ನ ಲೆಕ್ಕಕ್ಕ ಸಿಕ್ಕಿಲ್ಲ. ದಿನಾ ಕಂಪ್ಯೂಟರ್ ಕುಟ್ತಾನ. ವರ್ಷಾ ಡುಮ್ಕಿ."

೪. ಮುಕ್ತಾಯ ಒಂದು: ಶಾಮಲಾ ಸತ್ಯ ಹೇಳುತ್ತಾಳೆ. ಲೋಕಲ್ ಟ್ರೇನುಗಳೆಲ್ಲ ನಿಂತು ಚಪ್ಪಾಳೆ ತಟ್ಟುತ್ತವೆ.

"ಬಸ್ ಅಜ್ಜಿ! ಸತ್ಯ ಹೇಳಿದ್ರೆ ಸರ್ ಫೇಲ್ ಮಾಡ್ತಾರೆ. ನಿಂಗೆ ಸ್ಟೋರಿ ಬೇಕು, ನಂಗೆ ನೌಕ್ರಿ ಬೇಕು," ಶಾಮಲಾ ತಡೆದಳು.

ಮುಕ್ತಾಯ ಎರಡು: ಸುಳ್ಳು ಹೇಳುತ್ತಾಳೆ. ಇದನ್ನೇ ಇಟ್ಟುಕೊಳ್ಳೋಣವೆಂದಿದ್ದೆ. ಆದರೆ ಹೊರಗಿನಿಂದ ಬಂದ ಪರೀಕ್ಷಕಿ ರಮಾಮಣಿ ಮೇಡಂ ಎದ್ದೇಬಿಟ್ಟರು. "ಆ ಜಾಣ ಮಕ್ಕಳನ್ನ ನೋಡೋಣ, ನಡೀರಿ."

ಬಾಗಿಲ ಹೊರಗೆ ಚಪ್ಪಲಿಗಳ ಗುಡ್ಡ. ಮೇಡಂ ತಮ್ಮವನ್ನೂ ಬಿಟ್ಟರು. ಬಾಗಿಲು ಹಿಡಿದವಳು ಮತ್ತೆ ನಾನೇ. ಒಳಗೆ ಖಾಲಿ ಕುರ್ಚಿಗಳು, ಮೂಲೆಯಲ್ಲಿ ನಾಣಿ.

"ಈಗ ನಿನ್ನ ಪ್ರಾಜೆಕ್ಟು ಏನು ಹೇಳತ್ತಮ್ಮಾ?" ಮೇಡಂ ಕೇಳಿದರು.

ನಂಜುಂಡ ಸರ್ ಕಣ್ಣಲ್ಲೇ ಬೇಡಿಕೊಂಡರು. ಶಾಮಲಾ ನನ್ನತ್ತ ನೋಡಿದಳು, ಬಾಯಿ ತೆರೆದಳು.

ಏನಂದಳು? ನಾನ್ಯಾಕೆ ಹೇಳಲಿ! ಇಷ್ಟು ಕೇಳಿ: ಈ ವಯಸ್ಸಿನಲ್ಲೂ ನನ್ನ ಹುಬ್ಬು ಪುಕ್ಕಟೆ ತಿದ್ದಿಸಿ ತಿದ್ದಿಸಿ ಕಾಮನಬಿಲ್ಲಿನಂತಾಗಿದೆ. ಬ್ಯಾಂಕಿಗೆ ಹೋದರೆ ನನಗೆ ಮಾತ್ರ ಕ್ಯೂ ಇಲ್ಲ. ಎರಡರಲ್ಲೊಂದು ಸುಳ್ಳು. ಯಾವುದು, ನೀವೇ ಹೇಳಿ.