ಗಿಡುಗಗಳ ಲೆಕ್ಕಕ್ಕೊಂದು ದನಿ

ಶಾಲೆಯ ಬಸ್ಸು ಓಡಿಸುತ್ತಿದ್ದ ಅವನಿಗೆ ಮಕ್ಕಳು ಇಟ್ಟ ಹೆಸರು ಕಹಳೆ ಮಾಮ. ಹಾರನ್ ಕೆಟ್ಟರೂ ಚಿಂತೆಯಿರಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ ಒಂದು ಕೂಗು ಕೂಗಿದರೆ ಬೀದಿಯ ಕೊನೆಯ ಮನೆಯ ಮಗುವೂ ಚೀಲ ಹೆಗಲಿಗೇರಿಸಿಕೊಂಡು ಓಡಿ ಬರುತ್ತಿತ್ತು. ಅಂಥ ಕಂಚಿನ ಕಂಠವನ್ನು ಆ ಬೇಸಿಗೆಯಲ್ಲಿ ವೈದ್ಯರು ಗಂಟಲಿನ ಗಡ್ಡೆಯ ಜೊತೆಗೇ ತೆಗೆಯಬೇಕಾಯಿತು. ಜೀವ ಉಳಿಯಿತು, ದನಿ ಹೋಯಿತು. ಉಸಿರಾಡಲು ಕತ್ತಿನ ಬುಡದಲ್ಲೊಂದು ರಂಧ್ರ, ಅದರ ಮೇಲೊಂದು ತೆಳು ಬಟ್ಟೆ.

ಚಳಿಗಾಲಕ್ಕೆ ಮುಂಚೆ ಉತ್ತರದ ಗಾಳಿ ಬೀಸತೊಡಗಿದರೆ ಗಿಡುಗ, ಹದ್ದು, ಡೇಗೆಗಳು ಊರ ಹಿಂದಿನ ಗುಡ್ಡದ ಮೇಲಿಂದ ದಕ್ಷಿಣಕ್ಕೆ ಹಾದುಹೋಗುತ್ತವೆ. ಅವನ್ನು ಎಣಿಸುವುದು ಅವನಿಗೂ ಬೇಕರಿಯ ಗೆಳೆಯನಿಗೂ ವರ್ಷಗಳಿಂದ ಅಂಟಿದ ಹುಚ್ಚು. ಇವನು ನೆತ್ತಿಯ ಬಂಡೆ ಹತ್ತಿ, ದುರ್ಬೀನು ಕಣ್ಣಿಗಿಟ್ಟು ಕೂಗುವುದು. ಕೆಳಗೆ ಗಾಳಿಮರೆಯಲ್ಲಿ ಮೇಜು ಹಾಕಿಕೊಂಡ ಬೇಕರಿಯವನು ಎಣಿಕೆಯ ಯಂತ್ರದಲ್ಲಿ ಆಯಾ ಹಕ್ಕಿಯ ಗುಂಡಿ ಒತ್ತುವುದು. ಒತ್ತಿದಂತೆ ಅಂಕಿ ಏರುತ್ತಿತ್ತು.

ಈ ಸಲ ಗಾಳಿ ತಿರುಗಿದರೂ ಅವನು ಮನೆಯಿಂದ ಕದಲಲಿಲ್ಲ. ದುರ್ಬೀನು ಬೀರುವಿನ ಮೇಲೆ, ಹಳೆಯ ಸೂಟ್‌ಕೇಸಿನ ಹಿಂದೆ ಸೇರಿತು. ಒಂದು ಬೆಳಿಗ್ಗೆ ಬೇಕರಿಯವನು ಮುಂಗೈಗೆ ಮೆತ್ತಿದ ಹಿಟ್ಟಿನ ಸಮೇತ ಬಾಗಿಲಲ್ಲಿ ನಿಂತ.

"ಏಳೋ, ಗಾಳಿ ಬಂದಿದೆ."

ಅವನು ಕತ್ತಿನ ಬಟ್ಟೆ ಮುಟ್ಟಿ ತೋರಿಸಿ ತಲೆಯಾಡಿಸಿದ.

"ಗಂಟಲು ತೆಗ್ದಿದ್ದಾರೆ, ಗೊತ್ತು. ಕಣ್ಣು ತೆಗ್ದಿಲ್ವಲ್ಲ? ನಾನೂ ಬಂಡೆ ಹತ್ತಿ ನಿನ್ನ ಪಕ್ಕ ನಿಲ್ತೀನಿ. ಒಂದು ಗಿಡುಗಕ್ಕೆ ಬೆನ್ನಿಗೆ ಒಂದು ಬೆರಳು, ಹತ್ತಕ್ಕೆ ಒಂದು ಏಟು. ಡೇಗೆ ಬಂದ್ರೆ ಚಿವುಟು, ಹದ್ದು ಬಂದ್ರೆ ಕಿವಿ ಹಿಂಡು. ಕೂಗೋದು ನನಗೆ ಬಿಡು."

"ಮತ್ತೆ ಗುಂಡಿ ಒತ್ತೋರು ಯಾರಣ್ಣ?" ಪರದೆ ಹೊಲಿಯುತ್ತಿದ್ದ ಅವನ ಹೆಂಡತಿ ಹೊಲಿಗೆಯಂತ್ರ ನಿಲ್ಲಿಸದೆಯೇ ಕೇಳಿದಳು.

"ನೀನೇ ಬಾ, ತಂಗೀ."

ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ ಎಂದು ಇಬ್ಬರನ್ನೂ ಆಡಿಕೊಳ್ಳುತ್ತಿದ್ದವಳು ಅವಳು. ಒಮ್ಮೆಯೂ ಗುಡ್ಡ ಹತ್ತಿದವಳಲ್ಲ. "ಇವರ ಕತ್ತಿಗೆ ಥಂಡಿ ತಗುಲದ ಹಾಗೆ ನೋಡ್ಕೊಳ್ಳೋಕೆ ಬರ್ತೀನಿ, ಅಷ್ಟೇ" ಎಂದವಳೇ ಸ್ಟೂಲ್ ಹತ್ತಿ, ದುರ್ಬೀನು ಇಳಿಸಿ, ಸೆರಗಿನಿಂದ ಧೂಳೊರೆಸಿ ಗಂಡನ ಕೊರಳಿಗೆ ಹಾಕಿದಳು.

ಮೂವರೂ ಗುಡ್ಡಕ್ಕೆ ಹೋಗತೊಡಗಿದರು. ಮೊದಮೊದಲು ಬಂದದ್ದು ಅಲ್ಲೊಂದು ಇಲ್ಲೊಂದು ಹಕ್ಕಿ. ಆಮೇಲೆ ಮಳೆ ಹಿಡಿಯಿತು. ಮಳೆ ಬಿಟ್ಟ ಮರುದಿನ ಬಿಸಿಲು ಬೀಳುವುದೇ ತಡ, ಕಾಡೊಳಗೆ ಕಾದು ಕೂತಿದ್ದ ಗಿಡುಗಗಳೆಲ್ಲ ಒಟ್ಟಿಗೇ ಎದ್ದವು. ರೆಕ್ಕೆ ಬಡಿಯದೆ, ಬೆಚ್ಚನೆಯ ಗಾಳಿಯಲ್ಲಿ ಸುತ್ತುತ್ತ ಸುತ್ತುತ್ತ ಮೇಲೇರಿದವು. ಸುತ್ತುವಾಗ ಎಣಿಸಿದರೆ ಲೆಕ್ಕ ತಪ್ಪುತ್ತದೆ. ತುದಿ ಮುಟ್ಟಿ, ಸಾಲುಗಟ್ಟಿ ದಕ್ಷಿಣಕ್ಕೆ ಜಾರುವವರೆಗೆ ಅವನು ದುರ್ಬೀನು ಇಳಿಸದೆ ಕಾದ. ಆಮೇಲೆ ಗೆಳೆಯನ ಬೆನ್ನಿನ ಮೇಲೆ ಏಟಿನ ಮೇಲೆ ಏಟು.

"ಹತ್ತು! ಇನ್ನೊಂದು ಹತ್ತು! ಅಯ್ಯೋ, ಮೆಲ್ಲಗೆ ಹೊಡೆಯೋ! ಹತ್ತು!"

ನಡು ಮಧ್ಯಾಹ್ನದ ಹೊತ್ತಿಗೆ ಬೇಕರಿಯವನ ಗಂಟಲು ಒಡೆದು, ಬಾಯಿ ತೆರೆದರೆ ಬರೀ ಗಾಳಿ ಬಂತು. ಆಕಾಶದಲ್ಲಿ ಗಿಡುಗಗಳ ಇನ್ನೂ ಮೂರು ಹಿಂಡುಗಳು ಸುತ್ತುತ್ತ ಏಳುತ್ತಿದ್ದವು. ಬಂಡೆಯ ಮೇಲೆ ಇಬ್ಬರಿಗೂ ದಿಕ್ಕು ತೋಚಲಿಲ್ಲ. ಅಷ್ಟರಲ್ಲಿ ಹೆಂಡತಿ ಚಪ್ಪಲಿ ಬಿಟ್ಟು ಬಂಡೆ ಹತ್ತಿ ಬಂದಳು. "ನೀವು ಕೆಳಗಿಳೀರಿ ಅಣ್ಣ. ಗುಂಡಿ ನಿಮ್ಮದು."

ಗಂಡನ ಪಕ್ಕ ಬೆನ್ನು ಕೊಟ್ಟು ನಿಂತಳು. ಅವಳಿಗೆ ಹೊಡೆಯಲು ಅವನ ಕೈ ಏಳದು. ಮೆಲ್ಲಗೆ ತಟ್ಟಿದ. ಅವಳು ಕೂಗಿದಳು. ಎಂಥ ದನಿ ಅದು! ಇಷ್ಟು ವರ್ಷ ತನ್ನ ಗದ್ದಲದ ನಡುವೆ ಅವನಿಗೇ ಕೇಳಿಸಿರಲಿಲ್ಲ. ಆಗ ಗಿಡುಗಗಳ ಹಿಂದೆ ಅಗಲ ರೆಕ್ಕೆಯದೊಂದು ಬಂತು. ಅವನ ಕೈ ಅವಳ ಕಿವಿಯ ಹತ್ತಿರ ಹೋಗಿ ತಡೆಯಿತು.

"ಹಿಂಡ್ರೀ, ಹದ್ದು ಹಾರಿಹೋಗತ್ತೆ!"

ಹಿಂಡಿದ. "ಹದ್ದೂ!" ಗುಡ್ಡವೆಲ್ಲ ಮೊಳಗಿತು. ದುರ್ಬೀನಿನ ಗಾಜು ಮಂಜಾಯಿತು. ಅದನ್ನು ಒರೆಸಿಕೊಳ್ಳುತ್ತ, ಜೀವ ಉಳಿದದ್ದು ಒಳ್ಳೆಯದಾಯಿತು ಎಂದು ಆ ಬೇಸಿಗೆಯಿಂದೀಚೆಗೆ ಮೊದಲ ಸಲ ಅವನಿಗನ್ನಿಸಿತು.

ಹೊತ್ತು ಇಳಿದು ಆಕಾಶ ಬರಿದಾದ ಮೇಲೆ ಅವನು ಗೆಳೆಯನ ಎರಡೂ ಕೈ ಹಿಡಿದು ತುಟಿ ಆಡಿಸಿದ. ಹೆಂಡತಿ ಅದನ್ನು ಓದಿ ಹೇಳಿದಳು. "ನೀವು ಮನೆಗೆ ಬರದೇ ಇದ್ದಿದ್ರೆ ಇದ್ಯಾವುದನ್ನೂ ನೋಡ್ತಿರಲಿಲ್ಲ ಅಂತಿದ್ದಾರೆ. ಈ ಋಣ ತೀರಿಸೋಕಾಗಲ್ವಂತೆ."

ಬೇಕರಿಯವನು ಅವಳ ಕಿವಿಯಲ್ಲಿ ಪಿಸುಗುಟ್ಟಿದ. ಅವಳು ನಕ್ಕುಬಿಟ್ಟಳು. "ಋಣ ಇರಲಿ, ಬೆನ್ನಿಗೆ ಎಣ್ಣೆ ತಿಕ್ಕೋರು ಯಾರು ಅಂತ ಕೇಳ್ತಿದ್ದಾರೆ."

ಅವನೂ ನಕ್ಕ. ಸದ್ದಿಲ್ಲ, ಹೆಗಲು ಮಾತ್ರ ಕುಲುಕಾಡಿತು. ಆಮೇಲೆ ಹೆಂಡತಿಯ ಕಡೆ ತಿರುಗಿ ತುಟಿಯಲ್ಲೇ ಏನೋ ಹೇಳಿದ.

ಬೇಕರಿಯವನು ಹುಬ್ಬೇರಿಸಿ ಏನೆಂದು ಕೇಳಿದ.

"ಅದು ನನಗೆ ಹೇಳಿದ್ದಣ್ಣ" ಎಂದಳು ಅವಳು, ಮೇಜಿನ ಕಾಲು ಮಡಚುತ್ತ.